ಎದೆಮಟ್ಟದ ಲೆಕ್ಕ

ರಿಜಿಸ್ಟರಿನ ಮೂರನೇ ಕಾಲಂ: ಜಾತಿ.
ಏನು ಬರೆಯಲಿ ಎಂದು ಕೇಳಿದ್ದಕ್ಕೆ
ದೇಜಪ್ಪ ಮೊದಲ ದಿನ ತನ್ನದನ್ನೇ ಹೇಳಿ
ನಾಲಿಗೆ ಕಚ್ಚಿಕೊಂಡ. "ಓ, ಮರದ್ದಾ!"

ಬಿಸಿಲೆಯ ಕಾಡಿನಲ್ಲಿ ಮರಕ್ಕೆ ಅವಸರವಿಲ್ಲ, ಜಿಗಣೆಗಿದೆ.
ಕಾಲುಚೀಲದ ತುಂಬ ಹೊಗೆಸೊಪ್ಪಿನ ಪುಡಿ.
ನೂರು ಮೀಟರ್ ಉದ್ದ, ನೂರು ಅಗಲ,
ಮೂಲೆಗೊಂದು ಕೆಂಪು ಗೂಟ.
ನೆಲದಿಂದ ಎದೆಮಟ್ಟಕ್ಕೆ ಟೇಪು ಸುತ್ತಿ
ಮೂವತ್ತು ಸೆಂಟಿಮೀಟರ್ ಬಂದರೆ ಅದು ಮರ,
ಬಾರದಿದ್ದರೆ ಏನೂ ಅಲ್ಲ.

ದೇಜಪ್ಪ ತೊಗಟೆಗೆ ಕತ್ತಿಯ ಮೂತಿ ತಾಗಿಸುತ್ತಾನೆ.
ಕೆಂಪು ಒಸರಿದರೆ ರಾಮಪತ್ರೆ,
ಹಳದಿ ಒಸರಿದರೆ ಉಪ್ಪಾಗೆ,
ಹಾಲು ಬಂದರೆ ಹೆಬ್ಬಲಸು.
ಏನೂ ಬಾರದಿದ್ದರೆ ಮೂಸುತ್ತಾನೆ.
ಮೂಸಿಯೂ ತಿಳಿಯದಿದ್ದರೆ ಕ್ಯಾಟರ್‌ಬಿಲ್ಲು ಎಳೆದು
ಆಕಾಶದಿಂದ ಒಂದು ಎಲೆ ಇಳಿಸುತ್ತಾನೆ.
ಅದೂ ಸಾಲದಾದಾಗ ನಾನು ಬರೆಯುತ್ತೇನೆ:
ಗೊತ್ತಿಲ್ಲ ಒಂದು. ಗೊತ್ತಿಲ್ಲ ಎರಡು.
ಸಂಜೆಯ ಹೊತ್ತಿಗೆ ಗೊತ್ತಿಲ್ಲ ಹದಿನೇಳು.

ನೇರಳೆಯೇ ಆರು ಬಗೆ.
ಪಕ್ಕದ ಮರ ಪಕ್ಕದ ಮರದ ನೆಂಟನಲ್ಲ.
ಎಷ್ಟೋ ಜಾತಿಗೆ ಇಡೀ ಚೌಕದಲ್ಲಿ ಒಂದೇ ಒಂದು ಮರ,
ಸಂತೆಗೆ ಬಂದು ತನ್ನೂರಿನವರನ್ನು ಹುಡುಕುತ್ತ
ಕತ್ತು ಉದ್ದ ಮಾಡಿ ನಿಂತದ್ದು.
ಒಟ್ಟು ಎಂಬತ್ತೊಂದು.

ರಾತ್ರಿ ಐಬಿಯಲ್ಲಿ ಕುಸುಮಾವತಿ ಮೇಡಂ ಗ್ರಾಫು ಬಿಡಿಸಿದರು.
ಸಮಭಾಜಕದ ಹತ್ತಿರ ಗೆರೆ ಎತ್ತರ,
ಅಲ್ಲಿಂದ ಕರ್ಕಾಟಕ ವೃತ್ತದ ಕಡೆಗೆ ಇಳಿಜಾರು.
ನಮ್ಮ ಘಟ್ಟವೂ ಹಾಗೇ:
ಅಗಸ್ತ್ಯಮಲೆಯಿಂದ ಬಡಗಣಕ್ಕೆ ಬರುತ್ತ ಬರುತ್ತ
ಒಂದೊಂದೇ ಜಾತಿ ಹಿಂದೆ ಉಳಿಯುತ್ತದೆ,
ಪಾದಯಾತ್ರೆಯಲ್ಲಿ ಕಾಲು ಸೋತವರ ಹಾಗೆ.
ದೇಜಪ್ಪ ಹಾಳೆಯನ್ನು ಆಚೀಚೆ ತಿರುಗಿಸಿ ಕೇಳಿದ್ದು ಇಷ್ಟೇ:
"ಮಳೆ ಇಲ್ಲದ ತಿಂಗಳು ಎಷ್ಟು ಅಂತ
ಈ ಗೆರೆಗೆ ಗೊತ್ತುಂಟಾ?"
ಮೇಡಂ ಪೆನ್ಸಿಲ್ ಕೆಳಗಿಟ್ಟರು.

ಮುಂದಿನ ಚೌಕ ಅರಸೀಕೆರೆಯ ಹಿರೇಕಲ್ಲು ಗುಡ್ಡ. ನನ್ನ ಸೀಮೆ.
ಅಕ್ಷಾಂಶದಲ್ಲಿ ಬರೀ ಅರ್ಧ ಡಿಗ್ರಿ ಮೇಲೆ.
ಆದರೆ ಬಸ್ಸು ಮೂಡಲಿಗೆ ಹೊರಳಿದಂತೆ ಕಿಟಕಿಯಲ್ಲಿ
ಮರಗಳು ಮೊದಲು ದೂರ ದೂರ ನಿಂತವು,
ಆಮೇಲೆ ಎತ್ತರ ಬಿಟ್ಟವು,
ಆಮೇಲೆ ಮುಳ್ಳು ತೊಟ್ಟವು.
ಮತ್ತಿ, ನಂದಿ. ದಿಂಡಿಗ. ಕಗ್ಗಲಿ, ಕಾರೆ.
ಹತ್ತಕ್ಕೆ ಶುರು ಮಾಡಿದ್ದು ಬುತ್ತಿ ಬಿಚ್ಚುವ ಮೊದಲೇ ಮುಗಿಯಿತು.
ಹದಿನಾಲ್ಕು.
"ಇಲ್ಲಿ ಕ್ಯಾಟರ್‌ಬಿಲ್ಲೇ ಬೇಡ" ಎಂದು ದೇಜಪ್ಪ ನಕ್ಕ.
ಬೀಗರ ಪಂಕ್ತಿಯಲ್ಲಿ ತವರಿನ ಅನ್ನ
ಕಡಿಮೆ ಬಿದ್ದ ಹಾಗಾಯಿತು ನನಗೆ.

ಮೇಕೆ ಹೊಡಕೊಂಡು ಬಂದ ಬೀರಮ್ಮ
ಬಂಡೆಯ ಮೇಲೆ ಕೂತು ವಿಚಾರಿಸಿದಳು.
"ಏನವ್ವ ಎಣಿಸ್ತಿರಾದು?"
ಗಿಡ ಮರ, ಎಂದೆ.
"ಆಗ್ಲೇ ಮುಗೀತಾ?"
ಎದ್ದು ಬಂದು ಕಾಲಿನಿಂದ ಹುಲ್ಲು ಸರಿಸಿದಳು.
ಗರಿಕೆ, ಕರಡ, ನೆಗ್ಗಿಲು, ವಿಷ್ಣುಕ್ರಾಂತಿ, ನೆಲನೆಲ್ಲಿ.
ಮೇಕೆ ತಿನ್ನುವುದು. ತಿಂದರೆ ಹೊಟ್ಟೆ ಉಬ್ಬುವುದು.
ಶ್ರಾವಣದಲ್ಲಿ ಮಾತ್ರ ಬಾಯಿಡುವುದು.
ಮರಿ ಹಾಕಿದ ಮೇಲೆ ಹುಡುಕಿಕೊಂಡು ಹೋಗಿ ತಿನ್ನುವುದು.
ಒಂದು ಕಂಬಳಿ ಹಾಸುವಷ್ಟು ನೆಲ.
ಮೂವತ್ತು ದಾಟಿದ ಮೇಲೆ
ನಾನು ಬೆರಳು ಮಡಚುವುದನ್ನು ಬಿಟ್ಟೆ.

ಅವು ಯಾವುವೂ ಎದೆಮಟ್ಟಕ್ಕೆ ಬರುವುದಿಲ್ಲ,
ಮೊಣಕಾಲಿಗೂ ಇಲ್ಲ.
ಬಿಸಿಲೆಯಲ್ಲೂ ನಾವು ಬರೆದಿರಲಿಲ್ಲವಲ್ಲ,
ಕೊಂಬೆಗೆ ಜೋತ ಸೀತಾಳೆ ದಂಡೆಯನ್ನು,
ಬಂಡೆಗಂಟಿದ ಹಾವಸೆಯನ್ನು,
ಟೇಪಿನಡಿ ಸಿಕ್ಕಿ ಬೆರಳಿಗೆ ಅಡ್ಡ ಬರುತ್ತಿದ್ದ ಬಳ್ಳಿಯನ್ನು.

ಮೇಡಂ ಸುಮ್ಮನಿದ್ದರು.
ಒಟ್ಟು ಹದಿನಾಲ್ಕು ಎಂದೇ ಬರೆದೆ, ನಿಯಮ ನಿಯಮವೇ.

ದೇಜಪ್ಪ ಮಾತ್ರ ಮಂಡಿಯೂರಿ
ಬಿಳಿಗೂದಲಿನ ಸಣ್ಣದೊಂದು ಗಿಡ ಮುಟ್ಟಿ,
ಎಲೆ ಹಿಸುಕಿ, ಮೂಸಿ, ಸೋತು ಕೇಳಿದ,
"ಇದಕ್ಕೆ ಏನು ಹೇಳ್ತೀರಿ?"
ಬೀರಮ್ಮ ತಲೆ ಕೆರೆದುಕೊಂಡಳು.
"ಅದಾ? ನಂಗೊತ್ತಿಲ್ಲ ಕಣಪ್ಪ.
ಮೇಕೆಗೆ ಗೊತ್ತು."

ಪುಟದ ಅಂಚಿನಲ್ಲಿ, ಅಳಿಸಬಹುದಾದ ಪೆನ್ಸಿಲಿನಲ್ಲಿ,
ಬರೆದುಕೊಂಡೆ:
ಮೇಕೆಗೆ ಗೊತ್ತು ಒಂದು.